ಶಾಲು ಬಿಚ್ಚಿದ ಕೂಡಲೇ

ನಮ್ಮ ಕಡೆ ನಾಟಕ ಅಂದಮೇಲೆ ನಡುವೆ ಒಂದು ಸನ್ಮಾನ ಇರಲೇಬೇಕು. ರಾಜ ಯುದ್ಧಕ್ಕೆ ಹೊರಟಿರಲಿ, ರಾಣಿ ಎದೆ ಬಡಿದುಕೊಂಡು ಅಳುತ್ತಿರಲಿ, ಯಾರಾದರೂ ದೊಡ್ಡವರ ಕಾರು ಬಂದು ನಿಂತಿತೋ, ಮುಗಿಯಿತು. ಸತ್ತು ಬಿದ್ದವನೂ ಎದ್ದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಒಬ್ಬ ಮೈಕು ಹಿಡಿಯುತ್ತಾನೆ, ಇನ್ನೊಬ್ಬ ಶಾಲು ಬಿಚ್ಚುತ್ತಾನೆ, ಮತ್ತೊಬ್ಬ ಪೇಟ ತೊಡಿಸುತ್ತಾನೆ. ಆ ಪೇಟ ಇವತ್ತಿನವರೆಗೆ ಒಂದು ತಲೆಗೂ ಸರಿಯಾಗಿ ಕೂತಿದ್ದನ್ನು ನಾನು ಕಂಡಿಲ್ಲ. ಅಷ್ಟೂ ಹೊತ್ತು ಹಾರ್ಮೋನಿಯಂ ಮುಂದೆ ಕೂತವನು ಸ್ವಾಗತದ ಮಟ್ಟು ಬಾರಿಸುತ್ತಲೇ ಇರಬೇಕು. ಮೀಸೆ ಚಿಗುರಿದಾಗಿನಿಂದ ಹಾಗೆ ಬಾರಿಸುತ್ತಾ ಬಂದವನು ನಾನು.

ನನ್ನ ಊರು ಕಿರಂಗೂರಿನ ಪಕ್ಕ. ಒಂದಿಷ್ಟು ಕಬ್ಬು, ಒಂದು ಜೊತೆ ಸೀಮೆಹಸು, ಅದು ಬಿಟ್ಟರೆ ಹಾರ್ಮೋನಿಯಂ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ನನ್ನ ಕಸುಬು. ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಬೆನ್ನ ಹಿಂದೆ ಸಿಡುಕ ಅಂತಲೂ ಅನ್ನುತ್ತಾರೆ, ಗೊತ್ತು. ಶ್ರುತಿ ಬಿಟ್ಟು ಕಿರುಚುವವನನ್ನು ಬೈಯದೆ ಮುತ್ತು ಕೊಡಲೇನು?

ಇಂಥ ನನ್ನ ಬಳಿಗೆ ಪಾಂಡವಪುರದ ಒಬ್ಬ ಹುಡುಗಿ ಬಂದಳು. ನಾಟಕವನ್ನೇ ಓದಿದವಳು, ಊರಿನ ನಾಲ್ಕಾರು ಹುಡುಗರನ್ನು ಸೇರಿಸಿಕೊಂಡು ಒಂದು ಹೊಸ ನಾಟಕ ಕಟ್ಟುತ್ತಿದ್ದಳು. ಸಂಗೀತ ನೀವೇ ಮಾಡಬೇಕು ಅಂದಳು. ಮೊಬೈಲು ತೆಗೆದು ನನ್ನ ಕಿವಿಗೆ ಒಂದು ಹಾಡು ಹಿಡಿದು, "ಇದೊಂಥರಾ ಕ್ಯಾಬರೆ ಮೇಷ್ಟ್ರೇ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕ್ಯಾಬರೆ ಅಂದರೆ ನಮಗೆ ಗೊತ್ತಿರುವುದು ಹಳೇ ಸಿನಿಮಾದಲ್ಲಿ ಕೇಡಿಗಳ ಅಡ್ಡೆಯಲ್ಲಿ ಕುಣಿಯುವುದು. "ಏನವ್ವಾ ನೀನು! ಮಾನ ಮರ್ವಾದೆ ಇಟ್ಕೊಂಡು ಮಾಡ್ಕಬಂದಿರೋ ಕಸುಬು ಕಣವ್ವಾ ಇದು. ಅಂಥದ್ಕೆಲ್ಲಾ ನನ್ನ ಕರೀಬ್ಯಾಡ" ಅಂದುಬಿಟ್ಟೆ.

ಅವಳು ನಕ್ಕು ನಕ್ಕು ಜಗಲಿಯ ಮೇಲೆ ಕೂತುಬಿಟ್ಟಳು. ಆಮೇಲೆ ಬಿಡಿಸಿ ಹೇಳಿದಳು. ಹೊರದೇಶದ ಸಣ್ಣ ಸಣ್ಣ ಹೋಟೆಲುಗಳಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಹಾರ್ಮೋನಿಯಂನಂಥದ್ದೇ ಒಂದು ಪೆಟ್ಟಿಗೆ ಎದೆಗೆ ತಗುಲಿಹಾಕಿಕೊಂಡು, ಸಾವು, ಹಸಿವು, ಆಳುವವರ ಹುಚ್ಚಾಟ ಎಲ್ಲವನ್ನೂ ನಗುನಗುತ್ತಾ ಹಾಡುತ್ತಿದ್ದರಂತೆ. "ಸರ್ಕಸ್ ಥರ ಇರ್ಬೇಕು ಮೇಷ್ಟ್ರೇ. ಆದ್ರೆ ಜೋಕರ್ ನಗುಸ್ತಾ ನಗುಸ್ತಾನೇ ನಮ್ ಜೇಬಿಗ್ ಕೈ ಹಾಕ್ತಾವ್ನೆ ಅಂತ ಅನ್ಸಬೇಕು."

ಇನ್ನೊಂದು ಸಲ ಕೇಳಿದೆ. ಡ್ರಮ್ಮು ಕುಂಟುತ್ತಿತ್ತು. ಹಾಡುವವನು ಅಳುತ್ತಿದ್ದಾನೋ ಅಣಕಿಸುತ್ತಿದ್ದಾನೋ ತಿಳಿಯುತ್ತಿರಲಿಲ್ಲ. "ಸಾವಿನ ಮನೇಲಿ ಮದುವೆ ವಾಲಗ ಊದ್ದಂಗದಲ್ಲವ್ವಾ ಇದು" ಅಂದೆ.

"ಅದೇ! ಅದೇ ಬೇಕು ಮೇಷ್ಟ್ರೇ!" ಅಂತ ಎದ್ದು ಕುಣಿದಳು.

ನಾಟಕದ ಕಥೆ ಇಷ್ಟೇ. ಒಂದು ರಾಜ್ಯ. ರಾಜ ಎಲ್ಲಿಗೋ ಎದ್ದು ಹೋಗಿದ್ದಾನೆ, ಅದು ಯಾರಿಗೂ ಗೊತ್ತಾಗಿಲ್ಲ. ಮೂವರು ಮಂತ್ರಿಗಳು ಬರೀ ಕುರ್ಚಿಗೇ ನಡು ಬಗ್ಗಿಸುತ್ತಾರೆ, ಕುರ್ಚಿಯನ್ನೇ ಕೇಳುತ್ತಾರೆ, ಕುರ್ಚಿ ಸುಮ್ಮನಿದ್ದರೆ ಒಪ್ಪಿತು ಅಂದುಕೊಂಡು ಊರು ಹಾಳು ಮಾಡುತ್ತಾರೆ. ಮಾತೆತ್ತಿದರೆ ಕುರ್ಚಿಗೆ ಶಾಲು ಹೊದೆಸಿ ಸನ್ಮಾನ. ಶಾಲು ಬಿಚ್ಚಿದ ಕೂಡಲೇ ಸಂಗೀತ ಎದ್ದು, ಮೂವರೂ ಮಂಡಿಯ ಮೇಲೆ ಕುರ್ಚಿಯ ಸುತ್ತ ಸುತ್ತುತ್ತಾ ಅದರ ಕಾಲುಗಳನ್ನು ಟವೆಲಿನಿಂದ ಒರೆಸಬೇಕು.

ಈ ಸನ್ಮಾನಕ್ಕೆ ಏನು ಬಾರಿಸುವುದು ಅಂತ ತಲೆ ಕೆರೆದುಕೊಂಡೆ. ಕಡೆಗೆ ಹೊಸದೇನೂ ಬೇಡ, ಇಷ್ಟು ವರ್ಷ ಬಾರಿಸಿದ ಸ್ವಾಗತದ ಮಟ್ಟನ್ನೇ ತೆಗೆದುಕೊಳ್ಳೋಣ ಅನ್ನಿಸಿತು. ಅದರ ಗಾಂಧಾರ ಸ್ವರವನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ನಾಲ್ಕು ಏಟಿನ ನಡೆಯನ್ನು ಮೂರಕ್ಕೆ ಇಳಿಸಿ ಕುಂಟಿಸಿದೆ. ಕೊನೆಯ ಸ್ವರ ಮನೆ ಮುಟ್ಟದ ಹಾಗೆ ಅರ್ಧದಲ್ಲೇ ಬಿಟ್ಟೆ. ಬಾರಿಸಿ ನೋಡಿದರೆ ನನಗೇ ಮೈ ಜುಮ್ಮೆಂದಿತು. ನನ್ನ ಹೆಂಡತಿ ಒಳಗಿನಿಂದ ಓಡಿಬಂದು, "ಯಾರ್ಗೇನಾಯ್ತು?" ಅಂದಳು.

ಆದರೆ ಒಂದು ಹಾರ್ಮೋನಿಯಂನಿಂದ ಸರ್ಕಸ್ ಆಗುತ್ತದೆಯೇ? ಬ್ಯಾಂಡ್ ಸೆಟ್ಟು ಬೇಕಿತ್ತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನನಗೆ ಬಹಳ ಕಾಲದಿಂದ ಬೇಕಾದ ಒಬ್ಬರು ಭಾಯ್ ಇದ್ದಾರೆ. ಕ್ಲಾರಿನೆಟ್ ಊದುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ತುತ್ತೂರಿಗೆ ಅವರ ಅಳಿಯ, ಡ್ರಮ್ಮುಗಳಿಗೆ ತಮ್ಮಂದಿರು, ಹೀಗೆ ಮನೆಯವರೇ ಸೇರಿ ಮಾಡಿಕೊಂಡ ಬ್ಯಾಂಡು. ಮದುವೆ ಮೆರವಣಿಗೆಗಳನ್ನೆಲ್ಲ ಡಿಜೆ ನುಂಗಿಹಾಕಿದ ಮೇಲೆ ಅವರಿಗೆ ಉಳಿದಿದ್ದು ಹೆಚ್ಚುಕಡಿಮೆ ಒಬ್ಬರೇ ಗಿರಾಕಿ. ನಮ್ಮ ಸೀಮೆಯ ಒಬ್ಬ ಮುಖಂಡರು. ಹೆಸರು ಯಾಕೆ, ಎಲ್ಲರೂ ಸಾಹೇಬ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಸಾಹೇಬರಿಗೆ ಡಿಜೆ ಗಲಾಟೆ ಆಗದು. ಅವರ ಮೆರವಣಿಗೆಗೆ, ಅವರ ಕಡೆಯವರ ಮದುವೆಗಳಿಗೆ, ಅವರು ಟೇಪು ಕತ್ತರಿಸುವ ಕಡೆಗೆಲ್ಲ ಭಾಯಿಯ ಬ್ಯಾಂಡೇ ಬೇಕು. ಆ ಮನೆಗಳ ಒಲೆ ಉರಿಯುತ್ತಿದ್ದುದು ಅದರಿಂದ.

ಭಾಯ್ ಹರೆಯದಲ್ಲಿ ಒಂದು ಸರ್ಕಸ್ಸಿನ ಬ್ಯಾಂಡಿನಲ್ಲಿದ್ದವರು. ನಾನು ಮಟ್ಟು ಬಾರಿಸಿ ತೋರಿಸಿದೆ. ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. "ಅರೆ ಮೇಷ್ಟ್ರೇ, ಇದು ಸಾಹೇಬ್ರು ಜೀಪಿಂದ ಇಳಿವಾಗ ಬಾರ್ಸೋದಲ್ವಾ? ಏನಾಯ್ತು ಇದುಕ್ಕೆ? ಅಳ್ಸೋಗದೆ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳಸಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ. ಕ್ಲಾರಿನೆಟ್ ಎತ್ತಿಕೊಂಡು ಒಂದೇ ಸಲಕ್ಕೆ ಊದಿಬಿಟ್ಟರು. ನಗು ನಿಂತ ಮೇಲೆ ಮಾತ್ರ ಮುಖ ಗಂಭೀರವಾಯಿತು.

"ಒಂದ್ ಮಾತು ಮೇಷ್ಟ್ರೇ. ಸಾಹೇಬ್ರು ಬರೋ ಕಡೆ ನಾನು ಇದ್ನ ಊದಾಕಿಲ್ಲ. ನಮ್ಗೆ ಅನ್ನ ಇಕ್ಕೋರು ಅವ್ರು."

"ಆಯ್ತು ಬುಡಿ ಭಾಯ್. ಗಣ್ಯರಿಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಮಾತ್ ಕೊಟ್ಟೆ" ಅಂದೆ.

ಪಾಂಡವಪುರದ ಹೊರಗೆ ಬೆಂಕಿ ಆರಿದ ಒಂದು ಆಲೆಮನೆಯಲ್ಲಿ ಅಭ್ಯಾಸ. ಬೆಲ್ಲದ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿತ್ತು, ಇರುವೆಗಳಂತೂ ಹಾರ್ಮೋನಿಯಂ ಒಳಗೇ ಸಂಸಾರ ಹೂಡಿದವು. ದೊಡ್ಡ ತಲೆನೋವು ಅಂದರೆ ಬ್ಯಾಂಡಿನವರಿಗೆ ನಾಟಕದ ಮಾತು ಹಿಡಿದು ಎತ್ತಿಕೊಳ್ಳುವುದು ಬರುತ್ತಿರಲಿಲ್ಲ. ಮಂತ್ರಿ ಇನ್ನೂ ಬಾಯಿ ತೆರೆದಿರುವುದಿಲ್ಲ, ಆಗಲೇ ಡ್ರಮ್ಮು ಬಿತ್ತು. ಇಲ್ಲವೇ ಸನ್ಮಾನ ಮುಗಿದು ಎಷ್ಟೋ ಹೊತ್ತಾದ ಮೇಲೆ ತುತ್ತೂರಿ. ನಾನು ಕೂಗಾಡಿದೆ. ಭಾಯ್ ಸಮಾಧಾನವಾಗಿ, "ಮಾತ್ ಕೇಳ್ಕಂಡು ಊದಾಕ್ ನಮ್ಗಾಗಕಿಲ್ಲ ಮೇಷ್ಟ್ರೇ. ಕಣ್ಗೆ ಏನಾರ ಕಾಣ್ಬೇಕು" ಅಂದರು. ಸರಿ, ಶಾಲನ್ನೇ ಗುರುತು ಮಾಡಿದೆ. ಯಾರು ಏನು ಅಂದರೂ ಅನ್ನದಿದ್ದರೂ ನಿಮಗದು ಬೇಡ, ಶಾಲು ಬಿಚ್ಚಿದ್ದು ಕಂಡಿತೋ, ಊದಿ. ಮಂತ್ರಿಗಳಿಗೂ ಅದನ್ನೇ ಹೇಳಿದೆ. ಸಂಗೀತ ಎದ್ದಿತೋ, ಮಂಡಿ ಊರಿ. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಭ್ಯಾಸದಲ್ಲೇ ಒಂದು ಸಲ ಮಂತ್ರಿಯ ಪಾತ್ರದವನು ಜಾರಿ ಮುಗ್ಗರಿಸಿದ. ಎಲ್ಲರೂ ನಿಲ್ಲಿಸಿದರೆ ಭಾಯ್ ಮಾತ್ರ ಇನ್ನೂ ಜೋರಾಗಿ ಊದತೊಡಗಿದರು. ಯಾಕೆ ಅಂತ ರೇಗಿದ್ದಕ್ಕೆ, "ಸರ್ಕಸ್ಸಲ್ಲಿ ಮ್ಯಾಲಿಂದ ಯಾರಾನಾ ಬಿದ್ರೆ ಬ್ಯಾಂಡು ನಿಲ್ಸಂಗಿಲ್ಲ ಮೇಷ್ಟ್ರೇ. ನಿಲ್ಸುದ್ರೆ ಜನ ಎದ್ದು ಓಡ್ತಾರೆ. ಅಭ್ಯಾಸ ಆಗೋಗದೆ" ಅಂದರು.

ಶ್ರೀರಂಗಪಟ್ಟಣದ ಪ್ರದರ್ಶನ ಚೆನ್ನಾಯಿತು. ಪಾಂಡವಪುರದ್ದು ಇನ್ನೂ ಚೆನ್ನಾಯಿತು. ಬ್ಯಾಂಡಿನವರಿಗೂ ಬಿಳಿ ಬಣ್ಣ ಬಳಿದು, ಕಣ್ಣಿನ ಸುತ್ತ ಕಪ್ಪು ತೀಡಿ, ಹುಡುಗಿ ಅವರನ್ನೆಲ್ಲ ರಂಗದ ಹಿಂದಿನ ಪರದೆಯ ಮರೆಯಲ್ಲಿ ಕೂರಿಸುತ್ತಿದ್ದಳು. ನಾನು ನಮ್ಮ ಪದ್ಧತಿಯಂತೆ ರಂಗದ ಮುಂದೆ, ಕೆಳಗೆ. ಆ ಮಟ್ಟು ಎದ್ದರೆ ಸಾಕು, ಜನ ಮೊದಲು ನಗುತ್ತಿದ್ದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ನಗುವುದನ್ನು ಕಡಿಮೆ ಮಾಡುತ್ತಿದ್ದರು. ಹುಡುಗಿ ಹೇಳಿದ್ದು ಇದೇ ಅಂತ ಆಗ ನನಗೆ ಪೂರ್ತಿ ತಿಳಿಯಿತು.

ಮೂರನೆಯದು ಕೆ.ಆರ್. ಪೇಟೆಯಲ್ಲಿ, ಸಂಜೆ, ಒಂದು ಬಯಲು ರಂಗಮಂದಿರದಲ್ಲಿ. ಕರೆಸಿದವರಿಗೆ ನೂರು ಸಲ ಹೇಳಿದ್ದೆ, ಗಣ್ಯರು ಬೇಡ ಅಂತ. ಆಯ್ತು ಮೇಷ್ಟ್ರೇ ಅಂದಿದ್ದರು. ಅವರೂ ಯಾರನ್ನೂ ಕರೆದಿರಲಿಲ್ಲ, ಅದು ನಿಜ. ಆದರೆ ಸಾಹೇಬರು ಅವತ್ತು ಯಾವುದೋ ಮದುವೆಗೆ ಬಂದವರು ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದರು. ಲೈಟು, ಜನ, ನಾಟಕ ಕಂಡು ಕಾರು ನಿಧಾನ ಮಾಡಿಸಿದ್ದಾರೆ. ಅಷ್ಟು ಸಾಕಲ್ಲ! ಕಾರು ನಿಧಾನವಾಗಿದ್ದು ಕಂಡ ಸಂಘಟಕರಲ್ಲಿ ಇಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ನಮ್ಮ ಕಡೆಯ ಸಂಘಟಕನ ಸ್ಕೂಟರಿನಲ್ಲಿ ಪೆಟ್ರೋಲು ಇಲ್ಲದಿರಬಹುದು, ಡಿಕ್ಕಿಯಲ್ಲಿ ಶಾಲು ಇಲ್ಲದೆ ಇರುವುದಿಲ್ಲ.

ನೋಡುವಷ್ಟರಲ್ಲಿ ಸಾಹೇಬರು ರಂಗದ ಮೇಲಿದ್ದರು. ಹಿಂದೆ ಬಿಳಿ ಷರಟಿನ ಹಿಂಬಾಲಕರ ದಂಡು. ನಾಟಕ ನಿಂತಿತು. ಹುಡುಗಿ ಪರದೆಯ ಸಂದಿಯಿಂದ ನನ್ನನ್ನೇ ದಿಟ್ಟಿಸಿದಳು. ಸಂಘಟಕ ಮೈಕಿನಲ್ಲಿ ಏನೋ ಅಂದ, ಆ ಮೈಕು ಕುಯ್ಯೋ ಅಂದಿದ್ದು ಬಿಟ್ಟರೆ ಯಾರಿಗೂ ಏನೂ ಕೇಳಿಸಲಿಲ್ಲ. ಸಾಹೇಬರನ್ನು ಕೂರಿಸಲು ಕುರ್ಚಿ ಬೇಕು. ರಂಗದ ಮೇಲೆ ಇದ್ದದ್ದು ಒಂದೇ ಕುರ್ಚಿ. ಅದರಲ್ಲೇ ಕೂರಿಸಿದರು.

ಆ ಕುರ್ಚಿಯ ಬೆನ್ನು ಆಳೆತ್ತರ. ಪರದೆಯ ಮರೆಯಲ್ಲಿದ್ದ ಭಾಯಿಗೆ ಕಾಣುವುದು ಬೆನ್ನು ಮಾತ್ರ, ಕೂತವರು ಕಾಣುವುದಿಲ್ಲ. ಎದ್ದು ಕೈ ಬೀಸಿದೆ. ಸಂಘಟಕ ಶಾಲು ಬಿಚ್ಚಿದ.

ಭಾಯ್ ಊದಿದರು.

ಡ್ರಮ್ಮು ಕುಂಟಿತು, ತುತ್ತೂರಿ ಗೊಣಗಿತು, ಮೂವರು ಮಂತ್ರಿಗಳು ಕಲಿಸಿದಂತೆ ದಢಕ್ಕನೆ ಮಂಡಿ ಊರಿದರು. ಕುರ್ಚಿಯ ಕಾಲುಗಳ ಜೊತೆ ಈಗ ಸಾಹೇಬರ ಕಾಲುಗಳೂ ಇದ್ದವು. ಟವೆಲು ತೆಗೆದು ಅವನ್ನೂ ಒರೆಸಿದರು. ಸಭೆಯ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು, ಅಲ್ಲಿಂದ ನಗು ಹೊತ್ತಿಕೊಂಡು ಇಡೀ ಬಯಲೇ ಹೋ ಅಂದಿತು. ನಾನು ನಿಲ್ಸಿ ನಿಲ್ಸಿ ಅಂತ ಎರಡೂ ಕೈ ಆಡಿಸಿದೆ. ಅಳಿಯನಿಗೆ ಕಂಡಿತು, ತುತ್ತೂರಿ ನಿಂತಿತು. ತುತ್ತೂರಿ ನಿಂತಿದ್ದು ಕೇಳಿ ಯಾರೋ ಬಿದ್ದರು ಅಂದುಕೊಂಡ ಭಾಯ್ ಕಣ್ಣು ಮುಚ್ಚಿ ಇನ್ನೂ ಜೋರಾಗಿ ಊದಿದರು. ಅಯ್ಯೋ ದೇವರೇ! ಕೊನೆಯ ಆ ಅರ್ಧ ಸ್ವರದವರೆಗೂ ಬಿಡಲಿಲ್ಲ.

ಸಾಹೇಬರು ಅಲುಗಾಡದೆ ಕೂತಿದ್ದರು. ಕೆಳಗೆ ಮಂಡಿಯೂರಿ ಬೆವರುತ್ತಿದ್ದ ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಹೊದೆಸಿದ ಶಾಲು ಹಿಂದಕ್ಕೆಸೆದು, ಮೀಸೆಯ ಮೇಲೆ ಕೈಯಾಡಿಸಿ, ನಮ್ಮ ಹಳ್ಳಿಯ ನಾಟಕದ ರಾಜರು ಶುರುವಿಗೇ ಕೇಳುವ ಮಾತನ್ನು ಗಟ್ಟಿ ಗಂಟಲಿನಲ್ಲಿ ಕೇಳಿದರು: "ಮಂತ್ರಿಗಳೇ, ನಮ್ಮ ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆ?"

ಮಂತ್ರಿಗಳಲ್ಲಿ ಕಿರಿಯವನಿಗೆ ಅದೇನು ಧೈರ್ಯವೋ ಭಯವೋ, ನಾಟಕದ ತನ್ನ ಮಾತನ್ನೇ ಒಪ್ಪಿಸಿದ: "ಮಳೆ ಗಡಿಯಲ್ಲೇ ನಿಂತಿದೆ ಪ್ರಭು, ತಮ್ಮ ಅಪ್ಪಣೆಗೆ ಕಾಯುತ್ತಿದೆ."

ಜನ ಎದ್ದು ನಿಂತು ಸಿಳ್ಳೆ ಹೊಡೆದರು. ಸಾಹೇಬರು ನಗಲಿಲ್ಲ. ಎದ್ದು ಸಭೆಗೆ ಕೈ ಮುಗಿದು, ಒಂದು ಮಾತೂ ಆಡದೆ, ಯಾರ ಮುಖವನ್ನೂ ನೋಡದೆ ಕಾರು ಹತ್ತಿ ಹೋಗಿಬಿಟ್ಟರು.

ನಾಟಕ ಹೇಗೋ ಮುಗಿಯಿತು. ಹಿಂದಕ್ಕೆ ಹೋದರೆ ಸಾಹೇಬರ ಹಿಂಬಾಲಕರಲ್ಲಿ ಒಬ್ಬ ಅಲ್ಲೇ ನಿಂತಿದ್ದ. "ಯಾವನ್ಲಾ ಅವ್ನು ಊದ್ದೋನು? ಬಣ್ಣ ಒರ್ಸ್ಲಾ" ಅಂದ. ಭಾಯ್ ಟವೆಲಿನಿಂದ ಅರ್ಧ ಮುಖ ಒರೆಸಿಕೊಂಡರು. ಅಷ್ಟಕ್ಕೇ ಗುರುತು ಸಿಕ್ಕಿತು. "ಓಹೋ, ನೀನಾ! ಉಂಡ ಮನೆಗೇ ಎರಡು ಬಗೀತಿಯಾ? ನಿಮ್ ಜನವೇ ಇಷ್ಟು ಬುಡು."

ನನಗೆ ಮೈಯೆಲ್ಲ ಉರಿದುಹೋಯಿತು. "ಲೇ, ಮಟ್ಟು ಕಟ್ಟಿದೋನು ನಾನು. ಶಾಲು ನೋಡಿ ಊದಿ ಅಂತ ಏಳಿದೋನೂ ನಾನೇ ಕಣ್ಲಾ. ಕೇಳೋದಿದ್ರೆ ನನ್ನ ಕೇಳು!" ಅಂತ ಎದೆ ಕೊಟ್ಟು ನಿಂತೆ. ಅವನು ನನ್ನನ್ನು ನೋಡಲೇ ಇಲ್ಲ. ಭಾಯಿಯನ್ನೇ ಒಂದು ಗಳಿಗೆ ನೋಡಿ ಹೋದ.

ಎರಡು ದಿನಕ್ಕೇ ನಾಗಮಂಗಲದ ಕಡೆಯ ಒಂದು ಮದುವೆಯವರು ಫೋನು ಮಾಡಿ, ಈ ಸಲ ಬ್ಯಾಂಡು ಬೇಡ ಅಂದರು. ಅವರು ಸಾಹೇಬರ ಹತ್ತಿರದವರು. ಆಮೇಲೆ ಇನ್ನೊಬ್ಬರು ಬೇಡ ಅಂದರು. ನಾನು ದಿನಾ ಡೇರಿಗೆ ಹಾಲು ಹಾಕಿ ನೇರ ಗಂಜಾಮಿಗೆ ಹೋಗುತ್ತಿದ್ದೆ. ಭಾಯ್ ಕ್ಲಾರಿನೆಟ್ಟನ್ನು ಅಟ್ಟದ ಮೇಲೆ ಹಾಕಿಬಿಟ್ಟಿದ್ದರು. ಮನೆ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಯಾವುದಾದರೂ ಜೀಪು ತಿರುವಿನಲ್ಲಿ ಕಂಡರೆ ಎದ್ದು ಒಳಗೆ ಹೋಗುತ್ತಿದ್ದರು.

"ನಾಟ್ಕ ಭಾಯ್ ಅದು. ನಾಟ್ಕುಕ್ಕೆ ಯಾರಾನಾ ಇಂಗ್ ಮಾಡ್ತಾರಾ?" ಅಂದೆ, ಅವರಿಗೆ ಧೈರ್ಯ ಹೇಳಲು.

"ನೀವ್ ಮಾಡುದ್ರೆ ನಾಟ್ಕ ಮೇಷ್ಟ್ರೇ. ನಾನ್ ಮಾಡುದ್ರೆ ಅದುಕ್ಕೆ ಬ್ಯಾರೆ ಎಸ್ರು ಇಡ್ತಾರೆ" ಅಂದರು. ನನ್ನ ಮೇಲೆ ಸಿಟ್ಟಿನಿಂದ ಅಂದಿದ್ದಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ ಅಂದರು. ಬ್ಯಾಂಡು ಹೋದರೆ ಹೋಗಲಿ, ಈ ಮನುಷ್ಯನಿಗೆ ಏನೂ ಆಗದಿದ್ದರೆ ಸಾಕಪ್ಪಾ ಅಂತ ಕರಿಘಟ್ಟದ ಸ್ವಾಮಿಗೆ ಹರಕೆ ಹೊತ್ತೆ. ಬಸ್ಸು ಹಿಡಿದು ಸಾಹೇಬರ ಮನೆಗೆ ಹೋಗಿ ನಾನೇ ಹೇಳಿಬಿಡುತ್ತೇನೆ ಅಂದರೆ ಭಾಯ್ ಬಿಡಲಿಲ್ಲ. ಕೆದಕಬೇಡಿ ಮೇಷ್ಟ್ರೇ, ಕೆದಕಿದಷ್ಟೂ ದೊಡ್ಡದಾಗುತ್ತದೆ ಅಂದರು.

ಹೀಗೆ ವಾರ ಕಳೆದು ಇನ್ನೂ ಕೆಲವು ದಿನವಾಗಿತ್ತು, ನನಗೊಂದು ಫೋನು ಬಂತು. ಅದೇ ಹಿಂಬಾಲಕನ ದನಿ. "ಸಾಹೇಬ್ರು ಕರೀತಾವ್ರೆ. ಊದ್ದೋನ್ನೂ ಕರ್ಕಂಡ್ ಬನ್ನಿ. ಊದೋದ್ನೂ ತನ್ನಿ."

ಮರುದಿನ ಬೆಳಿಗ್ಗೆ ನಾಗಮಂಗಲಕ್ಕೆ ಹೋದೆವು. ದಾರಿಯುದ್ದಕ್ಕೂ ಭಾಯ್ ತುಟಿ ಅಲ್ಲಾಡಿಸುತ್ತಾ ಏನೋ ಓದಿಕೊಳ್ಳುತ್ತಿದ್ದರು. ಸಾಹೇಬರ ಮನೆಯ ಜಗಲಿ ತುಂಬ ಜನ. ವರ್ಗ ಮಾಡಿಸಿಕೊಡಿ ಅನ್ನುವವರು, ಲಗ್ನಪತ್ರಿಕೆ ಕೊಡುವವರು, ಸುಮ್ಮನೆ ಮುಖ ತೋರಿಸಲು ಬಂದವರು. ನಾನು ಬಸ್ಸಿನಲ್ಲೇ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಕಲೆ ಅಂದರೇನು, ನಾಟಕ ಅಂದರೇನು, ಹೀಗೆ. ಸಾಹೇಬರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಅದರ ಮೊದಲ ಅಕ್ಷರವೂ ನೆನಪಾಗಲಿಲ್ಲ.

ಅವರು ಕುರ್ಚಿ ಎಳೆದುಕೊಂಡು ಕೂತು ಭಾಯಿಯತ್ತ ತಿರುಗಿದರು. "ಊದು."

"ಏನ್ ಊದ್ಲಿ ಸಾಹೇಬ್ರೆ?"

"ಅವತ್ ಊದುದ್ಯಲ್ಲಾ, ಅದ್ನೇ."

ಭಾಯಿಯ ತುಟಿ ಒಣಗಿ ಬಿರಿದಿತ್ತು. ನೀರು ಕೇಳಿ ಕುಡಿದರು. ಮೊದಲ ಸಲ ಬರೀ ಗಾಳಿ ಹೊರಟಿತು. ಎರಡನೆಯ ಸಲ ಸ್ವರ ಹತ್ತಿತು. ಡ್ರಮ್ಮಿಲ್ಲ, ತುತ್ತೂರಿ ಇಲ್ಲ, ಬೆಳಗಿನ ಬಿಸಿಲಿನಲ್ಲಿ ಆ ಹಳಸಿದ ಸ್ವಾಗತವೊಂದೇ ಜಗಲಿಯ ಮೇಲೆ ಕುಂಟುತ್ತಾ ಓಡಾಡಿತು. ಲಗ್ನಪತ್ರಿಕೆ ಹಿಡಿದವರು ನಗುವುದೋ ಬೇಡವೋ ಗೊತ್ತಾಗದೆ ಸಾಹೇಬರ ಮುಖ ನೋಡುತ್ತಿದ್ದರು. ಸಾಹೇಬರು ಕಣ್ಣು ಮುಚ್ಚಿದ್ದರು. ನೋಡುತ್ತೇನೆ, ಅವರ ಕಾಲ ಹೆಬ್ಬೆರಳು ಮೂರು ಏಟಿನ ಲೆಕ್ಕ ತಪ್ಪದೆ ಹಾಕುತ್ತಿದೆ!

ಮುಗಿದ ಮೇಲೆ ಕಣ್ಣು ಬಿಟ್ಟರು. "ಇದು ನಾನು ಜೀಪ್ ಇಳಿವಾಗ ಬಾರ್ಸೋ ಮಟ್ಟಲ್ವಾ?"

ಮುಗೀತು ಕಥೆ ಅಂದುಕೊಂಡೆ. "ಅವ್ದು ಸಾಹೇಬ್ರೆ. ಅದ್ನ ಇಂಗ್ ಮಾಡ್ದೋನು ನಾನು. ಇವ್ರುದ್ದೇನೂ ಇಲ್ಲ. ಶಾಲು ನೋಡಿ ಊದಿ ಅಂದಿದ್ದೆ, ಊದುದ್ರು. ನೀವಿದ್ದುದ್ದೂ ಇವ್ರಿಗ್ ಗೊತ್ತಿರ್ಲಿಲ್ಲ" ಅಂತ ಒಂದೇ ಉಸಿರಿಗೆ ಹೇಳಿದೆ.

"ಅದುಕ್ಯಾಕ್ ಮೇಷ್ಟ್ರೇ ಅಂಗ್ ನಡುಗ್ತೀರಿ? ಆ ಹಳೇ ಮಟ್ಟು ಕೇಳಿ ಕೇಳಿ ನನ್ ಕಿವಿ ತೂತ್ ಬಿದ್ದೋಗಿತ್ತು. ಈಗ ಚೆಂದಾಗದೆ." ಸಾಹೇಬರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಹುಡುಗ್ನಾಗಿದ್ದಾಗ ನಮ್ಮೂರ್ ನಾಟ್ಕದಲ್ಲಿ ರಾಜನ್ ಪಾರ್ಟ್ ಮಾಡ್ದೆ. ನಾನ್ ಮಾತಾಡ್ತಿದ್ರೆ ಜನ ಮಲಗ್ಬುಟ್ರು ಕನ್ರೀ. ಈಗ್ಲೂ ಅಷ್ಟೇ, ಭಾಷಣಕ್ ನಿಂತ್ರೆ ಮುಂದಿನ್ ಸಾಲೇ ಆಕಳುಸ್ತದೆ. ಅವತ್ ಪ್ಯಾಟೇಲಿ ಒಂದ್ ಮಾತಂದೆ, ಅಷ್ಟ್ ಜನವೂ ಎದ್ ನಿಂತ್ರಲ್ಲ! ಅದೆಂಥಾ ಖುಷಿ ಅಂತೀನಿ!"

"ಮತ್ತೆ ಒಂದ್ ಮಾತೂ ಆಡ್ದಂಗೆ ಒಂಟೋದ್ರಲ್ಲ ಸಾಹೇಬ್ರೆ?" ಅಂತ ಕೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಒಳ್ಳೆ ಡೈಲಾಗ್ ಒಡುದ್ ಮ್ಯಾಲೆ ಸ್ಟೇಜ್ ಮ್ಯಾಲೆ ನಿಲ್ಬಾರ್ದು ಅಂತ ನಿಮ್ಮಂಥ ಮೇಷ್ಟ್ರೇ ಅಲ್ವಾ ನಮ್ಗೆ ಕಲ್ಸಿದ್ದು?"

ಭಾಯ್ ಇನ್ನೂ ನಿಂತೇ ಇದ್ದರು. ಮದುವೆಗಳು ಕೈತಪ್ಪಿದ್ದನ್ನು ನಾನೇ ಹೇಳಿದೆ. ಸಾಹೇಬರು ಹಿಂಬಾಲಕನತ್ತ ತಿರುಗಿ, "ಬ್ಯಾಂಡ್ ಬ್ಯಾಡ ಅಂತ ಯಾವನ್ಲಾ ಏಳುದ್ದು ಅವ್ರಿಗೆ?" ಅಂದರು. ಅವನು ತನ್ನ ಕಾಲ ಉಗುರುಗಳನ್ನು ಪರೀಕ್ಷೆ ಮಾಡತೊಡಗಿದ. "ಭಾಯ್‌ಗೆ ಕುರ್ಚಿ ಆಕ್ಲಾ. ಕಾಫಿ ತತ್ತಾ" ಅಂದರು. ಅವನೇ ಕುರ್ಚಿ ಹಾಕಿದ, ಅವನೇ ಕಾಫಿ ತಂದ. ಆ ಕಾಫಿಯಷ್ಟು ರುಚಿಯಾದದ್ದನ್ನು ನಾನು ಈಚೆಗೆ ಕುಡಿದಿಲ್ಲ.

ಹೊರಡುವಾಗ ಸಾಹೇಬರು, "ಮುಂದಿನ್ ತಿಂಗ್ಳು ನಮ್ದೊಂದ್ ಮೆರವಣಿಗೆ ಅದೆ. ನೀನೇ ಬರ್ಬೇಕು ಭಾಯ್. ಇನ್ಮ್ಯಾಲೆ ನಾನ್ ಜೀಪ್ ಇಳಿವಾಗ ಈ ಹೊಸ ಮಟ್ಟೇ" ಅಂದರು. ಅದು ನಿಮ್ಮನ್ನು ಆಡಿಕೊಳ್ಳಲು ಕಟ್ಟಿದ್ದು ಸ್ವಾಮೀ ಅನ್ನಲು ನಾನು ಬಾಯಿ ತೆರೆದೆ. ಭಾಯ್ ತಮ್ಮ ಪೂರ್ತಿ ಭಾರ ಹಾಕಿ ನನ್ನ ಕಾಲು ತುಳಿದರು. "ಆಗ್ಲಿ ಸಾಹೇಬ್ರೆ" ಅಂದರು.

ಮೈಸೂರು ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಭಾಯಿಯನ್ನು ಕೂರಿಸಿ ಶ್ರೀರಂಗಪಟ್ಟಣಕ್ಕೆ ಟಿಕೆಟ್ ತೆಗೆದುಕೊಂಡೆ. ಕೂತಮೇಲೆ ನನಗೆ ತಡೆಯಲಾಗಲಿಲ್ಲ, ಶುರುಮಾಡಿದೆ. "ಅಲ್ಲಾ ಭಾಯ್, ಆಡ್ಕಂಡಿದ್ದು ಅಂತ ಅವ್ರಿಗ್ ಗೊತ್ತಾಗ್ನಿಲ್ವಾ, ಇಲ್ಲಾ ಗೊತ್ತಾಗೇ ನಮ್ನ ನುಂಗ್ಕಂಡ್ರಾ? ನಾವ್ ಬೈಯ್ಯೋದು, ಅವ್ರು ಅದುನ್ನೇ ಆರ ಮಾಡಿ ಕತ್ಗೆ ಆಕ್ಕಳೋದು! ಇನ್ನು ಇವ್ರನ್ನ ಎಂಗ್ ಆಡ್ಕಳಾದು ಏಳಿ ಮತ್ತೆ? ಆ ಹುಡ್ಗಿಗ್ ನಾನ್ ಏನ್ ಏಳ್ಲಿ?" ಹೀಗೆ ಎಷ್ಟೋ ದೂರ ಒಬ್ಬನೇ ಉರಿದುಕೊಂಡೆ. ತಿರುಗಿ ನೋಡಿದರೆ ಭಾಯ್ ಬಾಯಿ ತೆರೆದು ನಿದ್ದೆ ಹೋಗಿದ್ದರು. ಬಸ್ಸು ಒಂದು ಉಬ್ಬು ಹಾರಿತು, ಅವರ ತಲೆ ನನ್ನ ಭುಜದ ಮೇಲೆ ಬಂದು ಬಿತ್ತು. ಎಚ್ಚರವಾಗಲಿಲ್ಲ.

ಪಾಂಡವಪುರ ದಾಟಿದ ಮೇಲೆ ಅವರ ಜೇಬಿನಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಮೆಲ್ಲಗೆ ತೆಗೆದು ಎತ್ತಿಕೊಂಡೆ. ಅವರ ಹೆಂಡತಿ.

"ಏನೂ ಆಗ್ಲಿಲ್ಲ ತಾಯಿ. ಎಲ್ಲಾ ಒಳ್ಳೇದೇ ಆಯ್ತು. ಬ್ಯಾಂಡೂ ಉಳ್ಕಂತು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಅಳು. "ಯಾ ಅಲ್ಲಾ... ಅವ್ರೆಲ್ಲಿ ಅಣ್ಣಾ? ಅವ್ರಿಗ್ ಕೊಡಿ."

"ಮಲಗವ್ರೆ ಕನಮ್ಮ."

"ಮಲಗವ್ರಾ?" ಅಂದರು. ನಂಬಿಕೆಯಾಗದೆ ಇನ್ನೊಂದು ಸಲ ಕೇಳಿದರು. "ಆ ನಾಟ್ಕ ಆದಾಗಿಂದ ಅವ್ರು ಒಂದಿನಾನೂ ಕಣ್ಮುಚ್ಚಿಲ್ಲ ಅಣ್ಣಾ. ಬಾಗ್ಲತಾವೇ ಕುಂತಿರೋರು. ಎಬ್ಬುಸ್ಬ್ಯಾಡಿ."

ಫೋನು ಇಟ್ಟೆ. ದಿನಾ ಹೋಗಿ ಎದುರಿಗೆ ಕೂತು ಬರುತ್ತಿದ್ದವನಿಗೆ ಇದು ತಿಳಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟೆ. ಎಷ್ಟು ಹಗುರಾಯಿತು ಅಂದರೆ ಹೇಳಲಾರೆ.

ಶ್ರೀರಂಗಪಟ್ಟಣ ಬಂತು. ಕಂಡಕ್ಟರು, "ಪಟ್ಣ, ಪಟ್ಣ, ಯಾರ್ರೀ ಪಟ್ಣ, ಇಳ್ಕಳಿ" ಅಂತ ಕೂಗುತ್ತಾ ಬಂದು, ಟಿಕೆಟು ನೆನಪಿಟ್ಟುಕೊಂಡು ನಮ್ಮ ಸೀಟಿನ ಪಕ್ಕವೇ ನಿಂತ. ಭಾಯ್ ಗೊರಕೆ ಹೊಡೆಯುತ್ತಿದ್ದರು. ನಾನು ಭುಜ ಅಲುಗಿಸದೆ, ಇನ್ನೊಂದು ಕೈಯಿಂದ ಜೇಬು ತಡಕಿದೆ.

"ಮೈಸೂರ್‌ಗೆ ಎರಡು ಕೊಡಪ್ಪ" ಅಂದೆ. "ಮೆಲ್ಲುಗ್ ಮಾತಾಡು."